ತಗಡಿನ ಮೇಲಿನ ಮುಖಗಳು: ಟಿನ್‌ಟೈಪ್ ಸಂಗ್ರಹಿಸುವವರೂ ಮಾಡುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಟಿನ್‌ಟೈಪ್ ಎಂದರೇನು? ಇದರಲ್ಲಿ ನಿಜವಾಗಿ ತವರ ಇದೆಯೇ?

ತವರ ಒಂದು ಚೂರೂ ಇಲ್ಲ. ಇದು ತೆಳುವಾದ ಕಬ್ಬಿಣದ ತಗಡು. ಅಗಸೆ ಎಣ್ಣೆಯಲ್ಲಿ ಅಸ್ಫಾಲ್ಟಮ್ (ಡಾಂಬರಿನಂಥ ಕಪ್ಪು ವಸ್ತು) ಕಾಯಿಸಿ ಮಾಡಿದ ಕಪ್ಪು ವಾರ್ನಿಷ್ಅನ್ನು ತಗಡಿಗೆ ಬಳಿದು, ಬಿಸಿಯಲ್ಲಿ ಗಟ್ಟಿ ಮಾಡಿರುತ್ತಾರೆ. ಆ ಕಪ್ಪಿನ ಮೇಲೆ ಕೊಲೋಡಿಯನ್ (ಆಮ್ಲದಲ್ಲಿ ಹದಗೊಳಿಸಿದ ಹತ್ತಿಯನ್ನು ಈಥರ್, ಆಲ್ಕೋಹಾಲ್‌ನಲ್ಲಿ ಕರಗಿಸಿದ ಅಂಟುದ್ರವ) ಪದರ, ಪದರದೊಳಗೆ ಬೆಳ್ಳಿಯ ಸೂಕ್ಷ್ಮ ಕಣಗಳು, ಎಲ್ಲದರ ಮೇಲೆ ಕಾಪಾಡುವ ಪಾರದರ್ಶಕ ವಾರ್ನಿಷ್.

ತಗಡಿನ ಮೇಲೆ ಮೂಡುವುದು ಅಸಲಿಗೆ ಒಂದು ತೆಳುವಾದ ನೆಗೆಟಿವ್. ಬೆಳಕು ಬಿದ್ದ ಕಡೆ ಕೆನೆಬಣ್ಣದ ಬೆಳ್ಳಿ ಕೂರುತ್ತದೆ, ಬೀಳದ ಕಡೆ ಏನೂ ಉಳಿಯದೆ ಕೆಳಗಿನ ಕಪ್ಪು ಇಣುಕುತ್ತದೆ. ಕಣ್ಣಿಗೆ ಅದು ನೇರ ಚಿತ್ರವಾಗಿ ಕಾಣುತ್ತದೆ. ಕ್ಯಾಮೆರಾದೊಳಗೆ ಇದ್ದ ತಗಡೇ ಕೊನೆಗೆ ಕೈಗೆ ಬರುವ ಚಿತ್ರ. ಆದ್ದರಿಂದ ಪ್ರತಿಯೊಂದೂ ಒಂದೇ ಒಂದು.

ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಕೊಲೋಡಿಯನ್ ವಿಧಾನವನ್ನು ಪ್ರಕಟಿಸಿದ. ಅದನ್ನು ಲೋಹದ ಮೇಲೆ ಮಾಡಬಹುದೆಂದು ಫ್ರಾನ್ಸಿನ ಅಡಾಲ್ಫ್ ಅಲೆಕ್ಸಾಂಡರ್ ಮಾರ್ಟಿನ್ 1853ರಲ್ಲಿ ತಿಳಿಸಿದ. ಅಮೆರಿಕದ ಓಹಾಯೋದ ಕೆನ್ಯನ್ ಕಾಲೇಜಿನಲ್ಲಿ ಕಲಿಸುತ್ತಿದ್ದ ಹ್ಯಾಮಿಲ್ಟನ್ ಸ್ಮಿತ್ 1856ರ ಫೆಬ್ರುವರಿ 19ರಂದು ಪೇಟೆಂಟ್ ಪಡೆದ. ಆ ಪೇಟೆಂಟಿನ ಹಕ್ಕು ಪಡೆದ ನೆಫ್ ಕುಟುಂಬದವರು ಆ ತಗಡನ್ನು ‘ಮೆಲೈನೊಟೈಪ್’ ಎಂದು ಮಾರಿದರು, ಪೈಪೋಟಿಗೆ ನಿಂತ ವಿಕ್ಟರ್ ಗ್ರಿಸ್ವಾಲ್ಡ್ ತನ್ನದನ್ನು ‘ಫೆರೊಟೈಪ್’ ಎಂದ. ಜನರ ಬಾಯಲ್ಲಿ ಉಳಿದದ್ದು ಮಾತ್ರ ಟಿನ್‌ಟೈಪ್.

ಹಳೆಯ ಚಿತ್ರ ಕೈಗೆ ಬಂದಿದೆ. ಅದು ಟಿನ್‌ಟೈಪೋ ಬೇರೆಯದೋ ತಿಳಿಯುವುದು ಹೇಗೆ?

ಮೊದಲು ಒಂದು ಸಣ್ಣ ಅಯಸ್ಕಾಂತ ತನ್ನಿ. ಅದನ್ನು ಚಿತ್ರದ ಮೇಲೆ ಉಜ್ಜಬೇಡಿ, ಹಿಂಬದಿಗೆ ಹತ್ತಿರ ಹಿಡಿದರೆ ಸಾಕು. ಎಳೆದರೆ ಕಬ್ಬಿಣ, ಅಂದರೆ ಟಿನ್‌ಟೈಪ್. ಡಬ್ಬಿಯೊಳಗೆ ಗಾಜು ಹಾಕಿ ಕೂರಿಸಿದ ಟಿನ್‌ಟೈಪ್ ಕೂಡ ಗಾಜಿನ ಮೂಲಕ ಸ್ವಲ್ಪ ಎಳೆತ ತೋರಿಸುತ್ತದೆ.

ಎಳೆಯದಿದ್ದರೆ ಎರಡು ಸಾಧ್ಯತೆ. ಚಿತ್ರವನ್ನು ಅತ್ತಿತ್ತ ವಾಲಿಸಿದಾಗ ಕನ್ನಡಿಯಂತೆ ಹೊಳೆದು, ಒಂದು ಕೋನದಲ್ಲಿ ನೆಗೆಟಿವ್ ಆಗಿ ತಿರುಗಿದರೆ ಅದು ಡಾಗೆರೋಟೈಪ್: ಬೆಳ್ಳಿ ಲೇಪಿಸಿದ ತಾಮ್ರದ ಹಲಗೆ, 1839ರ ವಿಧಾನ. ಹಾಗೆ ತಿರುಗದೆ, ಕಪ್ಪು ಭಾಗಗಳಲ್ಲಿ ಗಾಜಿನ ಆಳ ಕಂಡರೆ ಅದು ಆಂಬ್ರೊಟೈಪ್. ಕೊಲೋಡಿಯನ್ ಅದೇ, ಆಧಾರ ಮಾತ್ರ ಗಾಜು. ಗಾಜಿನ ಹಿಂದಿನ ಕಪ್ಪು ಬಣ್ಣ ಚಕ್ಕೆ ಎದ್ದಿದ್ದರೆ ಅಲ್ಲಿ ಬೆಳಕು ಹಾದುಬರುತ್ತದೆ, ಗುರುತು ಇನ್ನೂ ಸುಲಭ.

ಗುರುತಿಸಲೆಂದು ಡಬ್ಬಿಯಿಂದ ಚಿತ್ರವನ್ನು ಕಿತ್ತು ತೆಗೆಯಬೇಡಿ. ಹಿತ್ತಾಳೆಯ ಅಂಚುಪಟ್ಟಿ ಒಮ್ಮೆ ಬಾಗಿದರೆ ಮತ್ತೆ ಸರಿಯಾಗಿ ಕೂರುವುದಿಲ್ಲ.

ಯಾವ ಕಾಲದ್ದು ಎಂದು ಹೇಳಬಹುದೇ?

ಹತ್ತಿಪ್ಪತ್ತು ವರ್ಷಗಳ ಅಂತರದೊಳಗೆ ಹೇಳಬಹುದು. ಆರಂಭದ ತಗಡುಗಳು ತುಸು ದಪ್ಪ. ಕೆಲವುಗಳ ಅಂಚಿನಲ್ಲಿ ನೆಫ್ ಹೆಸರು ಮತ್ತು 1856ರ ಫೆಬ್ರುವರಿ 19ರ ಪೇಟೆಂಟ್ ತಾರೀಕು ಒತ್ತಿರುತ್ತದೆ. ಆ ತಾರೀಕು ತಗಡಿನ ಪೇಟೆಂಟಿನದು, ಚಿತ್ರ ತೆಗೆದ ದಿನದ್ದಲ್ಲ. ಮಾರುವವರು ಇದನ್ನು ಬೆರೆಸಿ ಹೇಳುವುದುಂಟು. 1860ರ ದಶಕದಲ್ಲಿ ಡಬ್ಬಿಗಳ ಜಾಗಕ್ಕೆ ಉಬ್ಬು ಚೌಕಟ್ಟಿನ ಕಾಗದದ ಲಕೋಟೆಗಳು ಬಂದವು.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಲಕೋಟೆಯ ಹಿಂದಿರುವ ತೆರಿಗೆ ಸ್ಟಾಂಪು. ಅಂತರ್ಯುದ್ಧದ ಖರ್ಚಿಗಾಗಿ ಅಮೆರಿಕದ ಸರ್ಕಾರ 1864ರ ಸೆಪ್ಟೆಂಬರ್ 1ರಿಂದ 1866ರ ಆಗಸ್ಟ್ 1ರವರೆಗೆ ಛಾಯಾಚಿತ್ರಗಳ ಮೇಲೆ ತೆರಿಗೆ ಹಾಕಿತ್ತು. ಸ್ಟಾಂಪಿನ ಮೇಲೆ ಶಾಯಿಯಲ್ಲಿ ಛಾಯಾಗ್ರಾಹಕನ ಇನಿಶಿಯಲ್ ಮತ್ತು ದಿನಾಂಕ ಇದ್ದರೆ ನಿಮ್ಮ ಅದೃಷ್ಟ.

1870ರಲ್ಲಿ ಫೀನಿಕ್ಸ್ ಪ್ಲೇಟ್ ಕಂಪನಿ ಕಪ್ಪಿನ ಬದಲು ಕಂದು ಛಾಯೆಯ ತಗಡು ತಂದಿತು. ಚಿತ್ರದ ನೆರಳು ಭಾಗ ಚಾಕೊಲೇಟ್ ಬಣ್ಣಕ್ಕಿದ್ದರೆ ಅದು 1870 ಅಥವಾ ಅದರ ನಂತರದ್ದು. ಕಡಲತೀರ, ಜಾತ್ರೆಗಳಲ್ಲಿ ನಿಂತಲ್ಲೇ ತೆಗೆದುಕೊಡುವ ಟಿನ್‌ಟೈಪ್ ಇಪ್ಪತ್ತನೆಯ ಶತಮಾನದವರೆಗೂ ನಡೆಯಿತು. ಡಬ್ಬಿಯನ್ನೋ ಲಕೋಟೆಯನ್ನೋ ನೋಡಿ ಮಾತ್ರ ಕಾಲ ಕಟ್ಟಬೇಡಿ. ಒಂದರ ಡಬ್ಬಿಗೆ ಇನ್ನೊಂದರ ಚಿತ್ರ ಸೇರಿಸುವುದು ತೀರಾ ಸಾಮಾನ್ಯ. ಉಡುಪು, ತಗಡು, ಲಕೋಟೆ ಮೂರೂ ಒಂದೇ ಕಾಲ ಹೇಳಬೇಕು.

ಅಳತೆಗಳ ಹೆಸರು ಗೊಂದಲ ಮಾಡುತ್ತವೆ.

ಪೂರ್ಣ ಪ್ಲೇಟ್ 6.5 × 8.5 ಇಂಚು. ಅರ್ಧ ಪ್ಲೇಟ್ 4.25 × 5.5, ಕಾಲು ಪ್ಲೇಟ್ 3.25 × 4.25, ಆರನೇ ಒಂದು 2.75 × 3.25, ಒಂಬತ್ತನೇ ಒಂದು 2 × 2.5. ‘ಜೆಮ್’ ಎಂಬುದು ಹೆಬ್ಬೆರಳಿನ ಉಗುರಿನಷ್ಟು, ಸುಮಾರು ಮುಕ್ಕಾಲು ಇಂಚು ಅಗಲ, ಒಂದು ಇಂಚು ಎತ್ತರ. ಹಲವು ಲೆನ್ಸುಗಳ ಕ್ಯಾಮೆರಾದಲ್ಲಿ ಒಂದೇ ತಗಡಿನ ಮೇಲೆ ಹಲವು ಚಿತ್ರ ತೆಗೆದು ಕತ್ತರಿಸುತ್ತಿದ್ದರು. ತಗಡನ್ನು ಕೈಕತ್ತರಿಯಲ್ಲೇ ಕತ್ತರಿಸುತ್ತಿದ್ದುದರಿಂದ ಒಂದೆರಡು ಮಿಲಿಮೀಟರ್ ವ್ಯತ್ಯಾಸ, ಓರೆ ಅಂಚು, ಮೂಲೆ ಚಿವುಟಿದ್ದು ಎಲ್ಲ ಸಹಜ. ಅಂಚು ತೀರಾ ನೇರವಾಗಿದ್ದರೇ ಅನುಮಾನ ಪಡಬೇಕು.

ಚಿತ್ರದಲ್ಲಿ ಅಕ್ಷರಗಳು ಉಲ್ಟಾ ಇವೆ. ದೋಷವೇ?

ಅಲ್ಲ, ಅದು ಅಸಲಿಯ ಗುಣ. ಲೆನ್ಸು ಮೂಡಿಸಿದ ಬಿಂಬವನ್ನು ಬೆಳಕು ಬಿದ್ದ ಬದಿಯಿಂದಲೇ ನೋಡುತ್ತೇವಾದ್ದರಿಂದ ಎಡ ಬಲವಾಗುತ್ತದೆ. ಸೈನಿಕರ ಬೆಲ್ಟಿನ ಅಕ್ಷರ, ಅಂಗಿಯ ಗುಂಡಿ, ಮದುವೆಯ ಉಂಗುರ ಎಲ್ಲ ಅದಲುಬದಲು. ಅಮೆರಿಕದ ಕುಖ್ಯಾತ ಡಕಾಯಿತ ಬಿಲ್ಲಿ ದಿ ಕಿಡ್ ಎಡಗೈ ಬಂದೂಕುಗಾರ ಎಂಬ ನಂಬಿಕೆ ಹುಟ್ಟಿದ್ದೇ ಹೀಗೆ. ಅವನ ಆ ಟಿನ್‌ಟೈಪ್ 2011ರಲ್ಲಿ ಡೆನ್ವರ್‌ನ ಹರಾಜಿನಲ್ಲಿ 23 ಲಕ್ಷ ಡಾಲರಿಗೆ ಹೋಯಿತು.

ಮಾರುವವರು ‘ಸತ್ತವರ ಚಿತ್ರ’ ಎಂದು ಹೆಚ್ಚು ಬೆಲೆ ಕೇಳುತ್ತಾರೆ. ನಂಬಬಹುದೇ?

ನಿಂತಿರುವ, ಕುರ್ಚಿಯಲ್ಲಿ ನೆಟ್ಟಗೆ ಕೂತಿರುವ ವ್ಯಕ್ತಿಯನ್ನು ತೋರಿಸಿ ಹಾಗೆ ಹೇಳಿದರೆ ನಂಬಬೇಡಿ. ಪಾದಗಳ ಹಿಂದೆ ಕಾಣುವ ಕಬ್ಬಿಣದ ಸ್ಟ್ಯಾಂಡು ಹೆಣ ನಿಲ್ಲಿಸಲು ಇಟ್ಟದ್ದಲ್ಲ, ಹೆಣದ ಭಾರ ಅದು ತಾಳುವುದೂ ಇಲ್ಲ. ಹಲವು ಸೆಕೆಂಡು ಅಲುಗದೆ ಇರಲು ಜೀವಂತ ಮನುಷ್ಯನ ತಲೆಗೆ ಕೊಟ್ಟ ಆಸರೆ ಅದು. ಸತ್ತವರ ಚಿತ್ರ ತೆಗೆಸುವ ರೂಢಿ ಆ ಕಾಲದಲ್ಲಿ ಇದ್ದದ್ದು ನಿಜ, ಆದರೆ ಅವರನ್ನು ಹೆಚ್ಚಾಗಿ ಹಾಸಿಗೆಯಲ್ಲೋ ಶವಪೆಟ್ಟಿಗೆಯಲ್ಲೋ ತಾಯಿಯ ತೊಡೆಯ ಮೇಲೋ ಮಲಗಿಸಿರುತ್ತಿದ್ದರು. ಕಣ್ಣು ಬಿಳಿಚಿಕೊಂಡಂತೆ ಕಾಣುವುದಕ್ಕೂ ಸಾವಿಗೂ ಸಂಬಂಧವಿಲ್ಲ. ಕೊಲೋಡಿಯನ್ ನೀಲಿ ಬಣ್ಣವನ್ನು ಬಿಳಿಯಾಗಿ ಕಾಣುತ್ತದೆ, ನೀಲಿ ಕಣ್ಣಿನವರೆಲ್ಲ ಹಾಗೆಯೇ ಬರುತ್ತಾರೆ.

ನಕಲಿ ಹಿಡಿಯುವುದು ಹೇಗೆ?

10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇರಲಿ. ಚುಕ್ಕೆಚುಕ್ಕೆಯ ಜಾಲ ಕಂಡರೆ ಅದು ಮುದ್ರಣ. ಅಸಲಿಯಲ್ಲಿ ಚುಕ್ಕೆ ಇರುವುದಿಲ್ಲ, ಕೆನೆ ಕಲಸಿದಂಥ ನಯ ಇರುತ್ತದೆ. ಟಿನ್‌ಟೈಪ್ ಎಂದು ಕೊಟ್ಟ ತಗಡಿಗೆ ಅಯಸ್ಕಾಂತ ಹಿಡಿಯದಿದ್ದರೆ ಅದು ಇಂದಿನ ಅಲ್ಯೂಮಿನಿಯಂ. ಇಂದಿನವರು ಮಾಡಿದ ಟಿನ್‌ಟೈಪ್ ನಕಲಿಯಲ್ಲ, ಹಳೆಯದೆಂದು ಮಾರಿದಾಗ ಮಾತ್ರ ಮೋಸ.

ಇಲ್ಲೇ ತಯಾರಿಕೆಯ ತಿಳಿವಳಿಕೆ ಸಂಗ್ರಹಕ್ಕೆ ನೆರವಾಗುವುದು. ಹಳೆಯ ತಗಡಿನ ಒಂದು ಮೂಲೆಯಲ್ಲಿ ಕೊಲೋಡಿಯನ್ ದಪ್ಪವಾಗಿ ಸಾಲುಗಟ್ಟಿರುತ್ತದೆ. ಅದು ದ್ರವವನ್ನು ಬಸಿದ ಮೂಲೆ. ಇನ್ನೊಂದು ಮೂಲೆಯಲ್ಲಿ ಬೆರಳು ಹಿಡಿದ ಕಡೆ ಪದರವೇ ಇರುವುದಿಲ್ಲ. ಡೆವಲಪರ್ (ಚಿತ್ರ ಮೂಡಿಸುವ ದ್ರವ) ಅಲೆಯ ಗೆರೆ, ಕ್ಯಾಮೆರಾದೊಳಗೆ ಪ್ಲೇಟ್ ಹಿಡಿದಿಡುವ ಹೋಲ್ಡರಿನ ಮೂಲೆಗಳ ಗುರುತು ಕೂಡ ಇರುತ್ತವೆ. ಇವೆಲ್ಲ ಒಂದಕ್ಕೊಂದು ಹೊಂದಬೇಕು. ಒಮ್ಮೆ ಕೈಯಾರೆ ಹತ್ತು ಪ್ಲೇಟ್ ಮಾಡಿದವರಿಗೆ ಇದು ಅಂಗೈ ಗೆರೆಯಷ್ಟು ಸ್ಪಷ್ಟ.

ಸಂಗ್ರಹ ಶುರುಮಾಡುವವರು ಯಾವುದನ್ನು ಕೊಳ್ಳಬೇಕು? ನಮ್ಮ ಕಡೆ ಸಿಗುತ್ತವೆಯೇ?

ಹೆಸರು ಗೊತ್ತಿಲ್ಲದ ವ್ಯಕ್ತಿಗಳ ಆರನೇ ಒಂದು ಅಳತೆಯ ತಗಡುಗಳು ಅಗ್ಗ, ಕಲಿಯಲು ಅವೇ ಸರಿ. ಕಸುಬಿನ ಉಪಕರಣ ಹಿಡಿದ ಕಮ್ಮಾರ, ದರ್ಜಿ. ಸಮವಸ್ತ್ರದ ಕಪ್ಪುವರ್ಣೀಯ ಸೈನಿಕರು. ಅಂಗಡಿಯ ಹೊರಗೆ ತೆಗೆದದ್ದು. ಹೆಸರು ಬರೆದಿಟ್ಟದ್ದು: ಇವುಗಳ ಬೆಲೆ ಏರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಗೀರುಬಿದ್ದ ಒಳ್ಳೆಯ ಮುಖ, ಕಳಂಕವಿಲ್ಲದ ಸಪ್ಪೆ ಮುಖಕ್ಕಿಂತ ಮೇಲು. ಆದರೆ ತುಕ್ಕಿನ ಗುಳ್ಳೆ ಎದ್ದದ್ದು ಬೇಡ, ಅದು ಬೆಳೆಯುತ್ತಲೇ ಹೋಗುತ್ತದೆ.

ಟಿನ್‌ಟೈಪ್ ಬೆಳೆದದ್ದು ಅಮೆರಿಕದಲ್ಲಿ. ನಮ್ಮ ಹಳೆಯ ಮನೆಗಳ ಟ್ರಂಕುಗಳಲ್ಲಿ ಸಿಗುವುದು ಬಹುಪಾಲು ಕಾಗದದ ಚಿತ್ರ ಮತ್ತು ಗಾಜಿನ ನೆಗೆಟಿವ್. ಕರ್ನಾಟಕದ ಆರಂಭದ ಹೆಸರಾಂತ ಚಿತ್ರಗಳೂ ಬೇರೆ ಜಾತಿಯವು. ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಹೊತ್ತಿಗೆ ಹಂಪಿಯನ್ನು ತೆಗೆದದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ. ಕಾಗದವನ್ನು ಮೊದಲೇ ಸಿದ್ಧ ಮಾಡಿ ಹೊತ್ತೊಯ್ಯಬಹುದು. ಕೊಲೋಡಿಯನ್‌ಗಾದರೆ ಆ ಬಿಸಿಲಿನಲ್ಲಿ ಕತ್ತಲೆ ಕೋಣೆಯನ್ನೇ ಹೊತ್ತು ತಿರುಗಬೇಕು.

ಕೊಳೆಯಾದ ತಗಡನ್ನು ಒರೆಸಬಹುದೇ?

ಬೇಡ. ಬಟ್ಟೆ, ಹತ್ತಿ, ನೀರು, ಸ್ಪಿರಿಟ್ ಯಾವುದೂ ಬೇಡ. ಸ್ಪಿರಿಟ್ ಮೇಲಿನ ವಾರ್ನಿಷ್ಅನ್ನು ಕರಗಿಸುತ್ತದೆ, ಕೊಲೋಡಿಯನ್ ಕೂಡ ಅದರ ಜೊತೆ ಹೋಗಬಹುದು. ನೀರು ಬಿರುಕಿನೊಳಗೆ ಇಳಿದು ತುಕ್ಕು ಹಿಡಿಸುತ್ತದೆ. ಲೆನ್ಸಿಗೆ ಬಳಸುವ ರಬ್ಬರ್ ಊದುಬುರುಡೆಯಿಂದ ಧೂಳು ಹಾರಿಸಿ ಅಲ್ಲಿಗೇ ಬಿಡಿ. ಬೆಳ್ಳಿ ಪಾತ್ರೆ ಹೊಳಪಿಸುವ ದ್ರವ ಹಾಕಿದರೆ ಚಿತ್ರವೇ ಹೋಗುತ್ತದೆ. ಕಪ್ಪು ಪದರ ಚಕ್ಕೆ ಏಳುತ್ತಿದ್ದರೆ ಅಡ್ಡಲಾಗಿ ಮಲಗಿಸಿ ಇಟ್ಟು ಸಂರಕ್ಷಣಾ ತಜ್ಞರನ್ನು ಕೇಳಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಛಾಯಾಚಿತ್ರಗಳ ಕೆಲಸ ಮಾಡಿದವರು ಇದ್ದಾರೆಯೇ ಎಂದು ವಿಚಾರಿಸಿಯೇ ಕೊಡಿ.

ಮಳೆಗಾಲದಲ್ಲಿ ಇಡುವುದು ಹೇಗೆ?

ಕಬ್ಬಿಣಕ್ಕೆ ಬೇಕಾದ ತೇವಾಂಶ ಶೇ 30ರಿಂದ 40. ಮಂಗಳೂರು, ಉಡುಪಿ, ಮಲೆನಾಡಿನಲ್ಲಿ ಜೂನ್ ಬಂತೆಂದರೆ ಅದು ಶೇ 90ರ ಹತ್ತಿರ. ಪ್ರತಿ ತಗಡನ್ನೂ ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಇಟ್ಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಜೊತೆ ಇಡಿ. ಒಳಗೆ ಒಂದು ಸಣ್ಣ ತೇವಮಾಪಕ ಇರಲಿ. ಜೆಲ್ ಬಣ್ಣ ಬದಲಿಸಿದ ತಕ್ಷಣ ಬಿಸಿಮಾಡಿ ಒಣಗಿಸಿ, ತಣಿದ ಮೇಲೆ ವಾಪಸ್ ಹಾಕಿ. ಪಿವಿಸಿ ಕವರು, ರಬ್ಬರ್ ಬ್ಯಾಂಡು, ನ್ಯಾಫ್ತಲೀನ್ ಗುಳಿಗೆ ಬೇಡ. ಮರದ ಕಪಾಟು, ಬೀರು ಆಮ್ಲದ ಆವಿ ಬಿಡುತ್ತವೆ, ಉಕ್ಕಿನ ಬೀರುವೇ ಮೇಲು.

ನಾನೇ ಮಾಡಬೇಕು. ಮೊದಲು ಏನೇನು ಬೇಕು?

4 × 5 ಇಂಚಿನ ಕ್ಯಾಮೆರಾ, ತೇವದ ಪ್ಲೇಟಿಗೆ ಹೊಂದಿಸಿದ ಹೋಲ್ಡರ್, ಎಫ್ 4 ಅಥವಾ ಅದಕ್ಕಿಂತ ಹೆಚ್ಚು ಬೆಳಕು ಬಿಡುವ ಲೆನ್ಸು, ಗಟ್ಟಿ ಟ್ರೈಪಾಡ್. ಕೆಂಪು ದೀಪದ ಕತ್ತಲೆ ಕೋಣೆ. ಕೊಲೋಡಿಯನ್‌ಗೆ ಕೆಂಪು ಬೆಳಕು ಕಾಣುವುದಿಲ್ಲವಾದ್ದರಿಂದ ಒಳಗೆ ಕಣ್ಣಾರೆ ನೋಡುತ್ತಲೇ ಕೆಲಸ ಮಾಡಬಹುದು.

ಪ್ಲೇಟಿಗೆ ಟ್ರೋಫಿ, ನಾಮಫಲಕ ಕೆತ್ತುವವರು ಬಳಸುವ ಕಪ್ಪು ಹೊಳಪಿನ ಅಲ್ಯೂಮಿನಿಯಂ ಹಾಳೆ ಸಾಕು. ಮೇಲಿನ ಪ್ಲಾಸ್ಟಿಕ್ ಪೊರೆಯನ್ನು ಕೊಲೋಡಿಯನ್ ಸುರಿಯುವ ಹೊತ್ತಿಗೆ ಸುಲಿಯಿರಿ, ತೊಳೆಯುವ ಕೆಲಸವೇ ಇಲ್ಲ. ಕಬ್ಬಿಣವೇ ಬೇಕೆನ್ನುವವರು ಎರಡೂ ಬದಿ, ನಾಲ್ಕೂ ಅಂಚು ಕಪ್ಪು ವಾರ್ನಿಷ್ ಬಳಿಯಬೇಕು. ಎಲ್ಲಾದರೂ ಬರಿ ಕಬ್ಬಿಣ ಉಳಿದರೆ ಅದು ಸಿಲ್ವರ್ ಬಾತಿನಲ್ಲಿರುವ (ಪ್ಲೇಟ್ ಬೆಳಕಿಗೆ ಸ್ಪಂದಿಸುವಂತೆ ಅದನ್ನು ಅದ್ದುವ ಸಿಲ್ವರ್ ನೈಟ್ರೇಟ್ ದ್ರಾವಣ) ಬೆಳ್ಳಿಯನ್ನು ಹೊರಗೆ ತಳ್ಳಿ, ತಾನು ಕರಗಿ, ಇಡೀ ಬಾತ್ ಕೆಡಿಸುತ್ತದೆ.

ಕೊಲೋಡಿಯನ್ ಸಿದ್ಧ ಮಾಡುವುದು ಹೇಗೆ?

ಲವಣವಿಲ್ಲದ ಸಾದಾ ಕೊಲೋಡಿಯನ್ ಕೊಳ್ಳಿ. ಔಷಧಿಗೆ ಬಳಸುವ ‘ಫ್ಲೆಕ್ಸಿಬಲ್’ ಕೊಲೋಡಿಯನ್‌ನಲ್ಲಿ ಹರಳೆಣ್ಣೆ, ಕರ್ಪೂರ ಇರುತ್ತವೆ, ಅದು ಆಗುವುದಿಲ್ಲ. ಗನ್‌ಕಾಟನ್ (ಕೊಲೋಡಿಯನ್‌ಗೆ ಕರಗಿಸುವ ಆ ಹದಗೊಳಿಸಿದ ಹತ್ತಿ) ಮನೆಯಲ್ಲಿ ಮಾಡುವ ಯೋಚನೆ ಬಿಡಿ, ಅದು ಸ್ಫೋಟಕ.

250 ಮಿಲಿಗೆ ಮಧ್ಯಮ ಹದದ ಅಳತೆ ಹೀಗೆ: ಸಾದಾ ಕೊಲೋಡಿಯನ್ 120 ಮಿಲಿ, ಈಥರ್ 65 ಮಿಲಿ, ಶೇ 95ರ ಎಥನಾಲ್ 65 ಮಿಲಿ, ಕ್ಯಾಡ್ಮಿಯಂ ಬ್ರೋಮೈಡ್ 1.5 ಗ್ರಾಂ, ಪೊಟ್ಯಾಸಿಯಂ ಅಯೋಡೈಡ್ 2 ಗ್ರಾಂ. ಲವಣಗಳನ್ನು ಬೇರೆ ಬೇರೆಯಾಗಿ ಒಂದೊಂದು ಮಿಲಿ ಬಿಸಿ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಎಥನಾಲ್‌ಗೆ ಸೇರಿಸಿ. ಆಮೇಲೆ ಅದನ್ನು ಕೊಲೋಡಿಯನ್ ಮತ್ತು ಈಥರ್ ಬೆರೆಸಿಟ್ಟ ಸೀಸೆಗೆ ನಿಧಾನವಾಗಿ ಸುರಿಯಿರಿ. ಮೊದಲು ಹಾಲಿನಂತೆ ಮಬ್ಬಾಗುತ್ತದೆ, ಗಾಬರಿ ಬೇಡ. ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ತಳದ ಗಷ್ಟು ಕದಡದೆ ಮೇಲಿನದನ್ನು ಬಗ್ಗಿಸಿಕೊಳ್ಳಿ.

ಹೊಸದು ತಿಳಿ ಹಳದಿ. ದಿನ ಕಳೆದಂತೆ ಅಯೋಡಿನ್ ಬಿಡುಗಡೆಯಾಗಿ ಕೆಂಪಗಾಗುತ್ತದೆ. ಕೆಂಪಾದಷ್ಟೂ ನಿಧಾನ, ಆದರೆ ಕಪ್ಪು-ಬಿಳುಪಿನ ವ್ಯತ್ಯಾಸ ಗಟ್ಟಿ. ಹಳೆಯದಕ್ಕೆ ಹೊಸದನ್ನು ಬೆರೆಸಿ ಬಳಸುವುದು ಬಹುಜನರ ಪದ್ಧತಿ. ಎಥನಾಲ್‌ಗೆ ಅಬಕಾರಿ ನಿಯಮಗಳಿವೆ, ಪ್ರಯೋಗಾಲಯದ ರಾಸಾಯನಿಕ ಮಾರುವವರ ಮೂಲಕವೇ ಕೊಳ್ಳಿ. ಮರಗೆಲಸದವರ ಡಿನೇಚರ್ಡ್ ಸ್ಪಿರಿಟ್‌ನಲ್ಲಿರುವ ಬೆರಕೆಗಳು ಮಬ್ಬು ತರುತ್ತವೆ.

ಸಿಲ್ವರ್ ಬಾತ್?

ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 90 ಗ್ರಾಂ ಸಿಲ್ವರ್ ನೈಟ್ರೇಟ್. ನಲ್ಲಿ ನೀರಿನ ಕ್ಲೋರೈಡ್ ತಾಗಿದರೆ ತಕ್ಷಣ ಬಿಳಿ ಮೋಡ ಏಳುತ್ತದೆ. ಕೊಲೋಡಿಯನ್ ಬಳಿದ ಒಂದು ಗಾಜಿನ ತುಂಡನ್ನು ರಾತ್ರಿಯಿಡೀ ಬಾತಿನಲ್ಲಿ ಬಿಡಿ. ಬಾತ್‌ಗೆ ಅಯೋಡೈಡ್ ಮೊದಲೇ ಉಣಿಸದಿದ್ದರೆ ಅದು ಮೊದಲ ಪ್ಲೇಟುಗಳ ಪದರದಿಂದಲೇ ಅದನ್ನು ಹೀರಿಕೊಂಡು ಚಿತ್ರವನ್ನು ಸಪ್ಪೆ ಮಾಡುತ್ತದೆ. ಕೊನೆಗೆ ತೆಳು ಮಾಡಿದ ನೈಟ್ರಿಕ್ ಆಮ್ಲವನ್ನು ತೊಟ್ಟು ತೊಟ್ಟಾಗಿ ಹಾಕಿ ಪಿಎಚ್ 4ರ ಸುತ್ತ ತನ್ನಿ.

ಕೈಗೆ ತಾಗಿದರೆ ಕಪ್ಪಾಗುತ್ತದೆ, ವಾರಗಟ್ಟಲೆ ಹೋಗದು. ಮತ ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿಯ ಗುಟ್ಟು ಇದೇ. 1962ರಿಂದ ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ತಯಾರಿಸುತ್ತಿರುವ ಆ ಶಾಯಿಯಲ್ಲಿ ಇರುವುದೂ ಸಿಲ್ವರ್ ನೈಟ್ರೇಟ್. ಬೆರಳಿಗೆ ಕಲೆಯಷ್ಟೇ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕವಿದ್ದರೂ ಅದರ ಮೇಲೆ ಪಕ್ಕ ಮುಚ್ಚುವ ರಕ್ಷಣಾ ಕನ್ನಡಕ ಹಾಕಿಯೇ ಮುಟ್ಟಬೇಕು.

ಡೆವಲಪರ್ ಮತ್ತು ಫಿಕ್ಸರ್?

ಡೆವಲಪರ್: ಡಿಸ್ಟಿಲ್ಡ್ ನೀರು 355 ಮಿಲಿ, ಫೆರಸ್ ಸಲ್ಫೇಟ್ 15 ಗ್ರಾಂ, ಗ್ಲೇಶಿಯಲ್ ಅಸಿಟಿಕ್ ಆಮ್ಲ 14 ಮಿಲಿ, ಆಲ್ಕೋಹಾಲ್ 18 ಮಿಲಿ. ಫೆರಸ್ ಸಲ್ಫೇಟ್ ಎಂದರೆ ನಮ್ಮ ಅನ್ನಭೇದಿಯೇ, ಆದರೆ ಗ್ರಂಥಿಗೆ ಅಂಗಡಿಯದ್ದರಲ್ಲಿ ಕಲ್ಮಷ ಇರುತ್ತದೆ, ಪ್ರಯೋಗಾಲಯದ ದರ್ಜೆಯದು ಬಳಸಿ. ಹಸಿರು ಹರಳು ಕಂದು ಪುಡಿಯಾಗಿದ್ದರೆ ಕೆಲಸಕ್ಕೆ ಬಾರದು. ಕಬ್ಬಿಣ ಚಿತ್ರ ಮೂಡಿಸುತ್ತದೆ, ಆಮ್ಲ ಅದನ್ನು ಅವಸರಪಡದಂತೆ ಹಿಡಿಯುತ್ತದೆ, ಆಲ್ಕೋಹಾಲ್ ದ್ರವ ಸರಾಗ ಹರಿಯಲು.

ಫಿಕ್ಸರ್ (ಬೆಳಕು ತಾಗದ ಬೆಳ್ಳಿಯ ಲವಣವನ್ನು ಕರಗಿಸಿ ಚಿತ್ರವನ್ನು ನಿಲ್ಲಿಸುವ ದ್ರವ): ಶೇ 20ರ ಹೈಪೋ, ಅಂದರೆ ಲೀಟರಿಗೆ 200 ಗ್ರಾಂ ಸೋಡಿಯಂ ಥಯೋಸಲ್ಫೇಟ್.

ಸೈನೈಡ್ ಫಿಕ್ಸರ್ ಚೆನ್ನಾಗಿರುತ್ತದೆ ಎನ್ನುತ್ತಾರಲ್ಲ?

ಹಿಂದಿನವರು ಪೊಟ್ಯಾಸಿಯಂ ಸೈನೈಡ್ ಬಳಸಿದ್ದು ನಿಜ. ಬಣ್ಣ ತುಸು ಬೆಚ್ಚಗೆ ಬರುತ್ತದೆ. ಆದರೆ ಅದು ಆಮ್ಲ ತಾಗಿದರೆ ಕೊಲ್ಲುವ ಅನಿಲವಾಗುತ್ತದೆ, ನಿಮ್ಮ ಡೆವಲಪರ್‌ನಲ್ಲಿ ಆಮ್ಲವೇ ತುಂಬಿದೆ. ಮನೆಯಲ್ಲಿ ಬೇಡವೇ ಬೇಡ. ಹೈಪೋ ಹಾಕಿ, ಹೆಚ್ಚು ಹೊತ್ತು ತೊಳೆಯಿರಿ, ಚಿತ್ರ ಅಷ್ಟೇ ಕಾಲ ಬಾಳುತ್ತದೆ.

ಒಂದು ಪ್ಲೇಟ್ ಆರಂಭದಿಂದ ಕೊನೆವರೆಗೆ ಹೇಗೆ ನಡೆಯುತ್ತದೆ?

ಪ್ಲೇಟನ್ನು ಒಂದು ಮೂಲೆಯಲ್ಲಿ ಹಿಡಿದು, ನಡುವಿಗೆ ಸುಮಾರು 10 ಮಿಲಿ ಕೊಲೋಡಿಯನ್ ಸುರಿಯಿರಿ. ದೋಸೆ ಹಿಟ್ಟಿನಂತೆ ಹರಡಲು ಸೌಟಿಲ್ಲ, ವಾಲಿಸಿಯೇ ನಾಲ್ಕೂ ಮೂಲೆಗೆ ಕಳಿಸಬೇಕು. ಕೊನೆಯ ಮೂಲೆಯಿಂದ ಮಿಕ್ಕದ್ದನ್ನು ಬೇರೆ ಸೀಸೆಗೆ ಬಸಿಯುತ್ತಾ ಪ್ಲೇಟನ್ನು ನಿಧಾನವಾಗಿ ಅಲುಗಾಡಿಸಿ, ಗೆರೆಗಳು ಕೂಡಿಕೊಳ್ಳುತ್ತವೆ. ಬಸಿದ ಮೂಲೆಯನ್ನು ಬೆರಳಿಂದ ಮುಟ್ಟಿದಾಗ ಹಸಿ ಅಂಟದೆ ಬೆರಳಚ್ಚು ಮಾತ್ರ ಬೀಳಬೇಕು. ತಂಪಿದ್ದರೆ ಇದಕ್ಕೆ 15–20 ಸೆಕೆಂಡು, ಸೆಕೆಗೆ 6–8.

ಆಗ ದೀಪ ಕೆಂಪು ಮಾಡಿ, ಪ್ಲೇಟನ್ನು ಒಂದೇ ಗತಿಯಲ್ಲಿ ಸಿಲ್ವರ್ ಬಾತಿಗೆ ಇಳಿಸಿ. ನಡುವೆ ನಿಂತರೆ ನಿಂತಲ್ಲಿ ಗೆರೆ. 3ರಿಂದ 4 ನಿಮಿಷದ ಬಳಿಕ ಎತ್ತಿ ನೋಡಿ. ಎಣ್ಣೆ ಸವರಿದಂಥ ಸಾಲುಗಳಿದ್ದರೆ ಇನ್ನೂ ಆಗಿಲ್ಲ. ದ್ರವ ಒಂದೇ ಹಾಳೆಯಂತೆ ಜಾರಿದಾಗ ಸಿದ್ಧ. ಹಿಂಬದಿ, ಕೆಳ ಅಂಚು ಒರೆಸಿ ಹೋಲ್ಡರಿಗೆ ಹಾಕಿ.

ಚಿತ್ರ ತೆಗೆದ ಮೇಲೆ ಮತ್ತೆ ಕೆಂಪು ದೀಪದಡಿ, 15–20 ಮಿಲಿ ಡೆವಲಪರ್ಅನ್ನು ಒಂದು ಅಂಚಿನುದ್ದಕ್ಕೆ ಒಂದೇ ಬೀಸಿನಲ್ಲಿ ಹಾಯಿಸಿ, ಪ್ಲೇಟಿನ ಮೇಲೆಯೇ ನಿಲ್ಲಿಸಿಕೊಳ್ಳಿ. ಹೊರಗೆ ಚೆಲ್ಲಿಹೋದರೆ ಅದರೊಡನೆ ಬಿಡಿ ಬೆಳ್ಳಿಯೂ ಹೋಗಿ ಚಿತ್ರ ಸಪ್ಪೆಯಾಗುತ್ತದೆ. 15ರಿಂದ 20 ಸೆಕೆಂಡು. ಮುಖ, ಬಿಳಿ ಅಂಗಿ ಮೂಡಿ, ನೆರಳಿನ ವಿವರ ಇನ್ನೇನು ಬರಬೇಕು ಎನ್ನುವಾಗಲೇ ನೀರು ಹಾಕಿ ನಿಲ್ಲಿಸಿ. ಎಲ್ಲ ಕಾಣಲಿ ಎಂದು ಕಾದರೆ ಮಬ್ಬು ಬರುತ್ತದೆ. ನೀರಿನ ಜಿಡ್ಡುತನ ಹೋಗುವವರೆಗೆ ತೊಳೆದು ಹೈಪೋಗೆ ಹಾಕಿ.

ಈಗ ದೀಪ ಹಾಕಬಹುದು. ನೀಲಿ ಮಬ್ಬಿನ ನೆಗೆಟಿವ್ ಕಣ್ಣೆದುರೇ ಕರಗಿ ಮುಖ ಎದ್ದುಬರುತ್ತದೆ. ಪಕ್ಕದಲ್ಲಿ ಚಿತ್ರ ತೆಗೆಸಿಕೊಂಡವರನ್ನು ನಿಲ್ಲಿಸಿಕೊಳ್ಳಿ, ಈ ಕ್ಷಣವನ್ನು ಅವರು ನೋಡಲೇಬೇಕು. ಮಬ್ಬೆಲ್ಲ ಹೋದ ಮೇಲೂ ಅಷ್ಟೇ ಹೊತ್ತು ಬಿಟ್ಟು, 20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ.

ಎಷ್ಟು ಸೆಕೆಂಡು ಕೂರಬೇಕು? ಬಣ್ಣಗಳು ಹೇಗೆ ಬರುತ್ತವೆ?

ಇದರ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, ಐಎಸ್‌ಒ ಅರ್ಧದಿಂದ ಒಂದರಷ್ಟು. ತೆರೆದ ನೆರಳಿನಲ್ಲಿ ಎಫ್ 4ಕ್ಕೆ 3ರಿಂದ 6 ಸೆಕೆಂಡಿನಿಂದ ಶುರುಮಾಡಿ. ಲೈಟ್ ಮೀಟರ್ ನಂಬುವಂತಿಲ್ಲ, ಅದು ಅಳೆಯುವ ಬೆಳಕೇ ಬೇರೆ. ಸಂಜೆಯ ಹೊಂಬಿಸಿಲು ಕಣ್ಣಿಗೆ ಪ್ರಕಾಶ, ಕೊಲೋಡಿಯನ್‌ಗೆ ಕತ್ತಲು. ಮೋಡದ ಮಧ್ಯಾಹ್ನ ಬಹಳ ಒಳ್ಳೆಯದು.

ನೀಲಿ, ನೇರಳೆ ಬೆಳ್ಳಗಾಗುತ್ತವೆ. ಕೆಂಪು, ಹಳದಿ, ಹಸಿರು ಕಪ್ಪಾಗುತ್ತವೆ. ಕುಂಕುಮ ಅಚ್ಚಗಪ್ಪು ಬೊಟ್ಟಾಗುತ್ತದೆ. ಅರಿಶಿನ ಬಣ್ಣದ ರೇಷ್ಮೆ, ಚಿನ್ನದ ಸರ ಮಂಕು. ಆಕಾಶನೀಲಿ ಸೀರೆ ಉಟ್ಟವರು ಬಿಳಿ ಸೀರೆ ಉಟ್ಟಂತೆ ಬರುತ್ತಾರೆ. ನಮ್ಮ ಕಂದು ಮೈಬಣ್ಣ ಕಣ್ಣಿಗೆ ಕಾಣುವುದಕ್ಕಿಂತ ಗಾಢವಾಗಿ ಮೂಡುತ್ತದೆ, ಆದ್ದರಿಂದ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು ಹೊತ್ತು ಕೊಡಿ. ಪಾಶ್ಚಾತ್ಯ ಕೈಪಿಡಿಯ ಸೆಕೆಂಡುಗಳನ್ನು ಹಾಗೆಯೇ ತೆಗೆದುಕೊಂಡರೆ ಮುಖ ಮುಳುಗುತ್ತದೆ.

ನಮ್ಮ ಬೇಸಿಗೆಯಲ್ಲಿ ಸಾಧ್ಯವೇ?

ಈಥರ್ ಕುದಿಯುವುದು 34.6 ಡಿಗ್ರಿಗೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಕೊಲೋಡಿಯನ್ ಹರಡುವ ಮೊದಲೇ ಸುಕ್ಕುಗಟ್ಟುತ್ತದೆ. ಅಲ್ಲಿ ನವೆಂಬರಿನಿಂದ ಫೆಬ್ರುವರಿ ಸರಿಯಾದ ಕಾಲ. ಬೇಸಿಗೆಯಲ್ಲಿ ಮಾಡಲೇಬೇಕಿದ್ದರೆ ಬೆಳಗ್ಗೆ 9ರೊಳಗೆ ಮುಗಿಸಿ. ತಂಪಿನಲ್ಲಿ ಪ್ಲೇಟ್ 10–15 ನಿಮಿಷ ಹಸಿಯಾಗಿರುತ್ತದೆ, ಒಣ ಸೆಕೆಯಲ್ಲಿ 5 ನಿಮಿಷವೂ ಕಷ್ಟ. ಹೋಲ್ಡರಿನ ಹಿಂಬದಿಯಲ್ಲಿ ಡಿಸ್ಟಿಲ್ಡ್ ನೀರಲ್ಲಿ ಅದ್ದಿ ಹಿಂಡಿದ ಕಾಗದ ಇಟ್ಟರೆ ಎರಡು ಮೂರು ನಿಮಿಷ ಹೆಚ್ಚು ಸಿಗುತ್ತದೆ. ಕೊಲೋಡಿಯನ್‌ನಲ್ಲಿ ಈಥರ್ ತಗ್ಗಿಸಿ ಎಥನಾಲ್ ಏರಿಸಿ. ಡೆವಲಪರ್‌ನಲ್ಲಿ ಫೆರಸ್ ಸಲ್ಫೇಟ್ 10 ಗ್ರಾಂಗೆ ಇಳಿಸಿ, ಅಸಿಟಿಕ್ ಆಮ್ಲ 20 ಮಿಲಿಗೆ ಏರಿಸಿ, 10 ಗ್ರಾಂ ಸಕ್ಕರೆ ಸೇರಿಸಿ. ಸಕ್ಕರೆಯಿಂದ ದ್ರವ ದಪ್ಪಗಾಗಿ ಕೆಲಸ ನಿಧಾನವಾಗುತ್ತದೆ. ಕರಾವಳಿಯ ತೇವದಲ್ಲಿ ಪ್ಲೇಟ್ ಬೇಗ ಒಣಗದು, ಈ ಒಂದು ವಿಷಯದಲ್ಲಿ ಅಲ್ಲಿನವರಿಗೆ ಅನುಕೂಲ.

ಪ್ಲೇಟ್ ಕೆಟ್ಟಿದೆ. ಕಾರಣ ಹುಡುಕುವುದು ಹೇಗೆ?

ಇಡೀ ಪ್ಲೇಟಿಗೆ ಬೂದು ಮುಸುಕು ಬಂದಿದ್ದರೆ ಒಂದು ಪ್ಲೇಟನ್ನು ಕ್ಯಾಮೆರಾಗೆ ಹಾಕದೆಯೇ ಡೆವಲಪ್ ಮಾಡಿ ನೋಡಿ. ಅದೂ ಮುಸುಕಾದರೆ ದೋಷ ಬಾತಿನದು ಅಥವಾ ಕತ್ತಲೆ ಕೋಣೆಯದು: ಪಿಎಚ್ ಏರಿರಬಹುದು, ದೀಪದಲ್ಲಿ ನೀಲಿ ಸೋರುತ್ತಿರಬಹುದು. ಅದು ಕಪ್ಪಗೆ ಶುದ್ಧವಾಗಿ ಬಂದರೆ ಕ್ಯಾಮೆರಾ, ಹೋಲ್ಡರಿನ ಸಂದಿ ನೋಡಿ, ಇಲ್ಲವೇ ಹೊತ್ತು ಹೆಚ್ಚಾಗಿದೆ. ಈ ಒಂದು ಪರೀಕ್ಷೆ ಅರ್ಧ ದಿನದ ತಲೆನೋವು ಉಳಿಸುತ್ತದೆ.

ಅಂಚಿನಿಂದ ಒಳಕ್ಕೆ ಚಾಚಿದ ಸಿಂಪಿ ಚಿಪ್ಪಿನಂಥ ಬೂದು ಕಲೆ ಹೋಲ್ಡರಿನ ಕೊಳಕು. ಮೂಲೆಗಳಲ್ಲಿ ಹಳೆಯ ಬೆಳ್ಳಿ ಒಣಗಿ ಕೂತಿದೆ, ಪ್ರತಿ ಪ್ಲೇಟಿನ ನಂತರ ಒರೆಸಿ. ಬಾಲದ ಚುಕ್ಕೆಗಳು ಬಂದರೆ ಕೊಲೋಡಿಯನ್ ಅಥವಾ ಬಾತಿನಲ್ಲಿ ಕಸವಿದೆ, ಹತ್ತಿಯಲ್ಲಿ ಸೋಸಿ. ಡೆವಲಪರ್ ಹನಿಹನಿಯಾಗಿ ಒಡೆದು ಎಣ್ಣೆ ಗೆರೆ ಬಿಟ್ಟರೆ ಆಲ್ಕೋಹಾಲ್ ಸಾಲದು. ಬಾತ್ ಹಳತಾದಂತೆ ಅದರಲ್ಲಿ ಆಲ್ಕೋಹಾಲ್ ಸೇರಿರುತ್ತದೆ, ಡೆವಲಪರ್‌ನಲ್ಲಿಯೂ ಅದಕ್ಕೆ ತಕ್ಕಂತೆ ಏರಿಸಬೇಕು. ಕೊಲೋಡಿಯನ್ ಸುಕ್ಕಿದ್ದರೆ ದಪ್ಪಗಾಗಿದೆ, ಸ್ವಲ್ಪ ಈಥರ್ ಬೆರೆಸಿ. ತೊಳೆಯುವಾಗ ಪದರವೇ ಎದ್ದರೆ ಒಂದೋ ಪ್ಲೇಟಿಗೆ ಬೆರಳ ಜಿಡ್ಡು ತಾಗಿದೆ, ಇಲ್ಲವೇ ಬಾತಿಗೆ ಹಾಕುವ ಮೊದಲು ಹದ ಮೀರಿ ಒಣಗಿದೆ.

ವಾರ್ನಿಷ್ ಹಾಕಲೇಬೇಕೇ?

ಹಾಕಬೇಕು. ಬರಿ ಬೆಳ್ಳಿ ನಮ್ಮ ಗಾಳಿಯಲ್ಲಿ ಬೇಗ ಕಪ್ಪಾಗುತ್ತದೆ. ಹಳೆಯ ಪಾಕ: ಸ್ಯಾಂಡರಾಕ್ ಅಂಟು 57 ಗ್ರಾಂ, ಎಥನಾಲ್ 414 ಮಿಲಿ, ಲ್ಯಾವೆಂಡರ್ ಎಣ್ಣೆ 44 ಮಿಲಿ. ಅಂಟು ಕರಗಲು ಎರಡು ದಿನ ಬಿಟ್ಟು ಕಾಫಿ ಫಿಲ್ಟರಿನಲ್ಲಿ ಸೋಸಿ. ಲ್ಯಾವೆಂಡರ್ ಎಣ್ಣೆಯಿಂದ ಪದರ ಒಡೆಯದೆ ಬಾಗುತ್ತದೆ. ಸ್ಯಾಂಡರಾಕ್ ಸಿಗದಿದ್ದರೆ ಮೇಣ ತೆಗೆದ ತಿಳಿಬಣ್ಣದ ಅರಗು ಬಳಸಬಹುದು. ಸ್ಪಿರಿಟ್ ದೀಪದ ಮೇಲೆ ಪ್ಲೇಟನ್ನು ಕೈ ತಾಳುವಷ್ಟು ಬೆಚ್ಚಗೆ ಮಾಡಿ, ದೀಪ ದೂರವಿಟ್ಟು ಕೊಲೋಡಿಯನ್‌ನಂತೆಯೇ ಸುರಿದು ಬಸಿಯಿರಿ. ಆಮೇಲೆ ಹಸಿ ವಾರ್ನಿಷ್‌ಗೆ ಉರಿ ಹತ್ತದಂತೆ ಎತ್ತರದಿಂದ ಮತ್ತೆ ಬಿಸಿ ಕೊಡಿ. ತಣ್ಣನೆಯ ಪ್ಲೇಟಿಗೆ ಸುರಿದರೆ ಹಾಲಿನ ಮಬ್ಬು ಬರುತ್ತದೆ, ಮಳೆಗಾಲದಲ್ಲಂತೂ ಖಂಡಿತ.

ಸಿಲ್ವರ್ ಬಾತ್ ಹಳತಾದರೆ ಚೆಲ್ಲಬೇಕೇ?

ಬೆಳ್ಳಿಯನ್ನು ಯಾರಾದರೂ ಚೆಲ್ಲುತ್ತಾರೆಯೇ! ಅಡುಗೆ ಸೋಡಾ ಚಿಟಿಕೆ ಚಿಟಿಕೆ ಹಾಕಿ ಪಿಎಚ್ 7ಕ್ಕೆ ತಂದು, ಬಿಳಿ ಗಾಜಿನ ಸೀಸೆಯಲ್ಲಿ ಬಾಯಿ ಬಟ್ಟೆಯಿಂದ ಮುಚ್ಚಿ ಮೂರು ನಾಲ್ಕು ದಿನ ಬಿಸಿಲಿಗಿಡಿ. ಸಾವಯವ ಕಲ್ಮಷ ಕಪ್ಪಾಗಿ ತಳಕ್ಕೆ ಕೂರುತ್ತದೆ, ಸೇರಿದ ಈಥರ್, ಆಲ್ಕೋಹಾಲ್ ಹಾರಿಹೋಗುತ್ತವೆ. ಸೋಸಿ, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಿಟ್ಟು 1.07ರ ಸುತ್ತ ಬರುವಂತೆ ಸಿಲ್ವರ್ ನೈಟ್ರೇಟ್ ಸೇರಿಸಿ, ಮತ್ತೆ ಆಮ್ಲ ಹಾಕಿ. ಆಲ್ಕೋಹಾಲ್ ಹೋಗುವ ಮೊದಲೇ ಅಳೆದರೆ ಹೈಡ್ರೋಮೀಟರ್ ಕಡಿಮೆ ತೋರಿಸುತ್ತದೆ, ನೀವು ಬೇಡದಿದ್ದರೂ ಬೆಳ್ಳಿ ಸುರಿಯುತ್ತೀರಿ.

ಉಳಿದ ದ್ರವಗಳನ್ನು ಏನು ಮಾಡಬೇಕು? ಯಾವುದನ್ನು ಯಾವುದಕ್ಕೆ ಬೆರೆಸಬಾರದು?

ಈಥರಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ದೇವರ ದೀಪ, ಗ್ಯಾಸ್ ಒಲೆ, ಮೋಟಾರಿನ ಸ್ವಿಚ್ ಇರುವ ಕೋಣೆಯಲ್ಲಿ ಕೆಲಸ ಬೇಡ. ತೆರೆದ ಈಥರ್ ಸೀಸೆ ವರ್ಷಗಟ್ಟಲೆ ಇಟ್ಟರೆ ಪೆರಾಕ್ಸೈಡ್ ಕೂಡಿ ಸ್ಫೋಟದ ಅಪಾಯ. ತೆರೆದ ದಿನಾಂಕವನ್ನು ಸೀಸೆಯ ಮೇಲೆ ಬರೆಯಿರಿ. ಸಿಲ್ವರ್ ನೈಟ್ರೇಟ್‌ಗೆ ಅಮೋನಿಯ ಎಂದೂ ಸೇರಿಸಬೇಡಿ, ಅದೂ ಸಿಡಿಯುವ ವಸ್ತುವಾಗುತ್ತದೆ. ಕ್ಯಾಡ್ಮಿಯಂ ವಿಷ. ಬೇಡದ ಕೊಲೋಡಿಯನ್ ಮೋರಿಗೆ ಹೋಗಬಾರದು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಬೆಳ್ಳಿ ಇರುವ ತೊಳೆದ ನೀರಿಗೆ ಉಪ್ಪು ಹಾಕಿದರೆ ಸಿಲ್ವರ್ ಕ್ಲೋರೈಡ್ ಮೊಸರಿನಂತೆ ತಳಕ್ಕಿಳಿಯುತ್ತದೆ. ಬಳಸಿದ ಹೈಪೋದಲ್ಲಿ ಎಣ್ಣೆ ತೆಗೆದ ಸ್ಟೀಲ್ ವುಲ್ ಮುಳುಗಿಸಿಟ್ಟರೆ ಕಬ್ಬಿಣ ಕರಗಿ ಬೆಳ್ಳಿ ಕಪ್ಪು ಕೆಸರಾಗಿ ಕೂರುತ್ತದೆ. ಎರಡನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಒಣಗಿಸಿ, ಹೆಸರು ಬರೆದು, ಬೆಳ್ಳಿ ಶುದ್ಧ ಮಾಡುವವರಿಗೆ ಒಯ್ಯಿರಿ.